ಸಾಗರಕ್ಕೆ ಬಂದ ರೈಲು ಸಮುದ್ರಕ್ಕೆ ಇಳಿಯಲಿಲ್ಲ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಬರೀ ‘ಸಾಗರ’ ಎಂದಿಲ್ಲ, ‘ಸಾಗರ ಜಂಬಗಾರು’ ಎಂದಿದೆ. ಮೊದಲ ಸಲ ಬರುವ ಪ್ರಯಾಣಿಕರು ಇದು ಬೇರೆ ಯಾವುದೋ ಊರಿರಬೇಕೆಂದು ಇಳಿಯಲು ಅನುಮಾನಿಸುವುದುಂಟು. ಜಂಬಗಾರು ಎನ್ನುವುದು ಪಟ್ಟಣಕ್ಕೆ ಅಂಟಿಕೊಂಡ ಹಳ್ಳಿ. ನಿಲ್ದಾಣ ಇರುವುದು ಅದರ ಎಲ್ಲೆಯಲ್ಲಿ. ದೂರದ ಮಧ್ಯಪ್ರದೇಶದಲ್ಲಿ ಇನ್ನೊಂದು ಸಾಗರವಿದ್ದು, ಅಲ್ಲಿಯೂ ರೈಲು ನಿಲ್ದಾಣವಿದೆ. ಹೀಗಾಗಿ ಜಂಬಗಾರು ಎಂಬ ಬಾಲದಿಂದ ಮಲೆನಾಡಿನ ಸಾಗರಕ್ಕೆ ಉಪಕಾರವೇ ಆಗಿದೆ.

ರಾಜ್ಯದ ರೈಲ್ವೆ ನಕ್ಷೆಯಲ್ಲಿ ಇದು ಸಣ್ಣ ನಿಲ್ದಾಣ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ಬೀರೂರಿನಲ್ಲಿ ಒಂದು ಕವಲು ಒಡೆಯುತ್ತದೆ. ಅದು ಭದ್ರಾವತಿ, ಶಿವಮೊಗ್ಗ, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪದಲ್ಲಿ ನಿಂತುಬಿಡುತ್ತದೆ. ಮುಂದೆ ಹಳಿ ಇಲ್ಲ. ಜೋಗದ ಗುಂಡಿಗೆ ಅಲ್ಲಿಂದ ಸುಮಾರು 15 ಕಿಲೋಮೀಟರು. ರೈಲು ಏಕೆ ಅಲ್ಲಿಯೇ ನಿಂತಿತು, ಅದಕ್ಕಿಂತ ಹೆಚ್ಚಾಗಿ, ಪಶ್ಚಿಮದ ಕಡಲಿಗೆ ಮುಖ ಮಾಡಿದ್ದ ಒಂದು ಸೀಮೆ ಪೂರ್ವಕ್ಕೆ ಏಕೆ ತಿರುಗಿತು ಎಂಬುದೇ ಈ ನಿಲ್ದಾಣದ ಚರಿತ್ರೆ.

ರೈಲು ಬರುವುದಕ್ಕೆ ಶತಮಾನಗಳ ಹಿಂದೆ ಸಾಗರ ಸೀಮೆಯ ಹೆದ್ದಾರಿ ಇದ್ದದ್ದು ಘಟ್ಟದ ಕೆಳಗಿನ ದಿಕ್ಕಿಗೆ. ಕೆಳದಿ, ಇಕ್ಕೇರಿ ಎರಡೂ ಸಾಗರದ ಮಗ್ಗುಲಲ್ಲೇ ಇವೆ. ಕೆಳದಿಯ ಅರಸ ಸದಾಶಿವ ನಾಯಕ ಕಟ್ಟಿಸಿದ ಕೆರೆಯಿಂದಲೇ ಊರಿಗೆ ಸದಾಶಿವಸಾಗರ ಎಂಬ ಹೆಸರು ಬಂದು, ಅದು ಬರಬರುತ್ತ ಸಾಗರವಾಯಿತೆಂದು ಹೇಳುತ್ತಾರೆ. ಈ ಅರಸರ ಬೊಕ್ಕಸ ತುಂಬಿದ್ದು ಮೆಣಸು ಮತ್ತು ಅಕ್ಕಿಯಿಂದ. ಎರಡೂ ಘಟ್ಟ ಇಳಿದು ಹೊನ್ನಾವರ, ಬಸರೂರಿನಂಥ ಬಂದರುಗಳಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ, ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದದ್ದು ಇದೇ ದಾರಿಯಲ್ಲಿ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ನದಿಯ ಗುಂಟ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ಆ ದಾರಿ ಎಷ್ಟು ಮುಖ್ಯವಾಗಿತ್ತೆಂದರೆ, ಮುಂದೆ ಶಿವಪ್ಪ ನಾಯಕ ಹೊನ್ನಾವರವನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಬಂದರು ಕೈಯಲ್ಲಿಲ್ಲದೆ ಮಲೆನಾಡಿನ ಮೆಣಸಿಗೆ ಬೆಲೆಯಿಲ್ಲ ಎಂಬುದು ಆ ಅರಸರಿಗೆ ಚೆನ್ನಾಗಿ ಗೊತ್ತಿತ್ತು.

ಕೆಳದಿ ರಾಜ್ಯ 1763ರಲ್ಲಿ ಹೈದರಾಲಿಯ ವಶವಾಯಿತು. ಟಿಪ್ಪುವಿನ ಪತನದ ನಂತರ ಘಟ್ಟದ ಮೇಲಿನ ಸೀಮೆ ಮೈಸೂರು ಸಂಸ್ಥಾನಕ್ಕೆ ಉಳಿಯಿತು, ಘಟ್ಟದ ಕೆಳಗಿನ ಕರಾವಳಿ ಇಂಗ್ಲಿಷರ ಪಾಲಾಯಿತು. ಉತ್ತರ ಕನ್ನಡ ಜಿಲ್ಲೆ ಮುಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ತಾಳಗುಪ್ಪದಿಂದ ಆಚೆಗೆ ಕೆಲವೇ ಮೈಲಿ ಹೋದರೆ ಸಿದ್ದಾಪುರ ಸೀಮೆ. ಅಲ್ಲಿಗೆ ಸಂಸ್ಥಾನದ ಗಡಿ ಮುಗಿಯುತ್ತಿತ್ತು. ಭಾಷೆ ಒಂದೇ, ಅಡಿಕೆ ತೋಟ ಒಂದೇ, ನೆಂಟಸ್ತನವೂ ಆಚೀಚೆ ನಡೆಯುತ್ತಿತ್ತು. ಆದರೆ ಸರ್ಕಾರ ಎರಡು.

ಮೈಸೂರು ಸಂಸ್ಥಾನದ ಈ ಮೂಲೆಗೆ ಹಳಿ ಬಂದದ್ದು ಆದ್ದರಿಂದಲೇ ಪೂರ್ವದ ಕಡೆಯಿಂದ. ಬೀರೂರು–ಶಿವಮೊಗ್ಗ ಮಾರ್ಗ 1899ರಲ್ಲಿ ತೆರೆಯಿತು. ಮುಂದಿನ ಮೂರು ದಶಕ ಶಿವಮೊಗ್ಗವೇ ರೈಲಿನ ಕೊನೆ. ಸಾಗರದ ಅಡಿಕೆ ಬೆಳೆಗಾರರು ಎತ್ತಿನ ಗಾಡಿಯಲ್ಲಿ ಮೂಟೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೊರಟರೆ ದಾರಿಯಲ್ಲಿ ರಾತ್ರಿ ಕಳೆಯಲೇಬೇಕಿತ್ತು. ಮಳೆಗಾಲದಲ್ಲಿ ಗಾಡಿ ರಸ್ತೆಯ ಮಾತೇ ಬೇಡ. ಅಷ್ಟೂ ಸಾಲದೆಂಬಂತೆ ಮಲೇರಿಯಾ ಇತ್ತು. ‘ಮಲೆನಾಡಿನ ಚಳಿಜ್ವರ’ ಎಂದರೆ ಬಯಲುಸೀಮೆಯ ನೌಕರರು ವರ್ಗಾವಣೆಯನ್ನೇ ತಪ್ಪಿಸಿಕೊಳ್ಳಲು ನೋಡುತ್ತಿದ್ದ ಕಾಲ ಅದು.

ಸರ್ಕಾರದ ಕಣ್ಣಿಗೆ ಬಿದ್ದದ್ದು ಅಡಿಕೆಗಿಂತ ಹೆಚ್ಚಾಗಿ ಕಾಡು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಅದಿರು ಕರಗಿಸುತ್ತಿದ್ದುದು ಕಲ್ಲಿದ್ದಲಿನಿಂದಲ್ಲ, ಇದ್ದಿಲಿನಿಂದ. ಆ ಕುಲುಮೆಯ ಹೊಟ್ಟೆ ತುಂಬಿಸಲು ಶಿವಮೊಗ್ಗ ಸುತ್ತಲಿನ ಕಾಡಿನ ಸೌದೆ ಬೇಕಿತ್ತು. ಕುಂಸಿಯ ಸುತ್ತ ಮ್ಯಾಂಗನೀಸ್ ಅದಿರಿತ್ತು. ನಾಟಾ ಎಲ್ಲೆಲ್ಲೂ ಇತ್ತು. 1930ರ ದಶಕದಲ್ಲಿ ಶಿವಮೊಗ್ಗದಿಂದ ಮುಂದಕ್ಕೆ ಹಳಿ ಹಾಕಿದ್ದು ಒಂದೇ ಸಲಕ್ಕಲ್ಲ, ತುಂಡು ತುಂಡಾಗಿ. ಮೊದಲು ಅರಸಾಳು, ಆಮೇಲೆ ಆನಂದಪುರ, ಕೊನೆಗೆ ಸಾಗರ, ತಾಳಗುಪ್ಪ. ಹಣ ಒದಗಿದಷ್ಟು ದೂರ ಹಳಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಒಟ್ಟು 97 ಕಿಲೋಮೀಟರು.

ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಬ್ರಾಡ್ ಗೇಜಿನಲ್ಲಿ ಇದು 1.676 ಮೀಟರ್. ಕಿರಿದಾದ ಹಳಿಗೆ ಕಡಿಮೆ ಅಗಲದ ದಿಬ್ಬ ಸಾಕು, ತಿರುವು ಇನ್ನಷ್ಟು ಕಡಿದಾಗಿರಬಹುದು, ಸೇತುವೆ ಹಗುರವಾಗಿರಬಹುದು. ಗುಡ್ಡ ಹಳ್ಳಗಳ ಮಲೆನಾಡಿಗೆ, ಅದಕ್ಕಿಂತ ಮುಖ್ಯವಾಗಿ ಸಂಸ್ಥಾನದ ಖಜಾನೆಗೆ, ಇದೇ ಹೊಂದುತ್ತಿತ್ತು. ಹುಬ್ಬಳ್ಳಿ ಕಡೆಯ ಮುಖ್ಯ ಮಾರ್ಗವೂ ಮೀಟರ್ ಗೇಜೇ ಆಗಿದ್ದರಿಂದ ಸಾಗರದಲ್ಲಿ ಹೇರಿದ ಮೂಟೆಯನ್ನು ಬೆಂಗಳೂರು ತಲುಪುವವರೆಗೆ ಇನ್ನೊಂದು ಗೇಜಿನ ಡಬ್ಬಿಗೆ ವರ್ಗಾಯಿಸುವ ಪ್ರಮೇಯ ಇರಲಿಲ್ಲ. ಈ ಅನುಕೂಲವೇ ಅರ್ಧ ಶತಮಾನದ ನಂತರ ಉರುಳಾಗುತ್ತದೆಂದು ಆಗ ಯಾರೂ ಎಣಿಸಿರಲಾರರು.

ತಾಳಗುಪ್ಪದಲ್ಲಿ ಹಳಿ ನಿಂತದ್ದೇಕೆ ಎಂಬುದಕ್ಕೆ ಈಗ ಉತ್ತರ ಸುಲಭ. ಮುಂದೆ ಘಟ್ಟ ಇತ್ತು, ಜೊತೆಗೆ ಪರರಾಜ್ಯವೂ ಇತ್ತು. ಸಂಸ್ಥಾನಕ್ಕೆ ಸಮುದ್ರದ ಆಸೆ ಇರಲಿಲ್ಲವೆಂದಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ಹಂಬಲಿಸಿದ್ದರು. ಆದರೆ ಭಟ್ಕಳವೂ ಮುಂಬಯಿ ಪ್ರಾಂತ್ಯದ್ದೇ. ಗಡಿಯ ಈಚೆಗೆ ಎಷ್ಟು ಸಾಧ್ಯವೋ ಅಷ್ಟು ದೂರ ಬಂದು ಮೈಸೂರಿನ ಹಳಿ ನಿಂತಿತು. ಹೊನ್ನಾವರದ ದೋಣಿಗೆ ಹೋಗುತ್ತಿದ್ದ ಸರಕು ಬೀರೂರಿನ ಜಂಕ್ಷನ್ನಿಗೆ ಹೋಗತೊಡಗಿತು. ಒಂದು ಸೀಮೆಯ ಮುಖ ತಿರುಗಿದ್ದು ಹೀಗೆ.

ಮಾರ್ಗ ಬಂದ ಹೊತ್ತು ಮಾತ್ರ ಚೆನ್ನಾಗಿತ್ತು. 1939ರಲ್ಲಿ ಜೋಗದಲ್ಲಿ ಜಲವಿದ್ಯುತ್ ಯೋಜನೆಯ ಕೆಲಸ ಶುರುವಾಯಿತು. ಅದಕ್ಕೆ ಅತಿ ಹತ್ತಿರದ ರೈಲು ನಿಲ್ದಾಣ ತಾಳಗುಪ್ಪ, ಹತ್ತಿರದ ಪೇಟೆ ಸಾಗರ. ಎರಡನೇ ಮಹಾಯುದ್ಧದಿಂದಾಗಿ ಕೆಲಸ ಕುಂಟಿ, 1948ರಲ್ಲಿ ವಿದ್ಯುತ್ ಹರಿಯಿತು. ಇಂದು ಅದು ಮಹಾತ್ಮ ಗಾಂಧಿ ಜಲವಿದ್ಯುದಾಗಾರ. ಹಳ್ಳಿಗಾಡಿನ ಕವಲು ಮಾರ್ಗವೊಂದು ಒಂದೇ ದಶಕದಲ್ಲಿ ಇಡೀ ಸಂಸ್ಥಾನದ ಬೆಳಕಿನ ದಾರಿಯ ಪಕ್ಕಕ್ಕೆ ಬಂದು ನಿಂತಿತ್ತು.

ಸಾಗರದ ನಿಲ್ದಾಣ ದೇಶದ ಪತ್ರಿಕೆಗಳಲ್ಲಿ ಹೆಸರು ಪಡೆದದ್ದು ಅಡಿಕೆಯಿಂದಲೂ ಅಲ್ಲ, ಜೋಗದಿಂದಲೂ ಅಲ್ಲ. ಒಂದು ಕೊಳಗದಿಂದ.

ಕೊಳಗವೆಂದರೆ ಧಾನ್ಯ ಅಳೆಯುವ ಪಾತ್ರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರಿಗೆ ಭತ್ತ ಅಳೆಯಬೇಕಾಗಿದ್ದುದು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗದಲ್ಲಿ. ಲೆಕ್ಕದಲ್ಲಿ ಗೇಣಿ ಇಷ್ಟೇ, ಅಳತೆಯಲ್ಲಿ ಮಾತ್ರ ಹೆಚ್ಚು. ಬೆವರು ಸುರಿಸಿದವನ ಮನೆಯ ಕಣಜ ಸುಗ್ಗಿಯ ಮರುದಿನವೇ ಬರಿದಾಗುತ್ತಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಕೊಳಗದ ಜೊತೆ ಬಿಟ್ಟಿ ಕೆಲಸ, ಒಡೆಯರೆದುರು ನಡೆದುಕೊಳ್ಳಬೇಕಾದ ರೀತಿ ಎಲ್ಲವೂ ಸೇರಿ ಅದು ಬರೀ ಭತ್ತದ ಜಗಳವಾಗಿ ಉಳಿದಿರಲಿಲ್ಲ. ಎಚ್. ಗಣಪತಿಯಪ್ಪನವರು ಇವರನ್ನು ರೈತ ಸಂಘದಲ್ಲಿ ಒಗ್ಗೂಡಿಸಿದರು. ಮಾಲೀಕರು ಉಳುವವರನ್ನು ಗದ್ದೆಯಿಂದ ಬಿಡಿಸಲು ಹೊರಟಾಗ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರಿಗೆ ಕೈಯೊಡ್ಡುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಮುಂಚೂಣಿಗೆ ಬಂದರು.

ಇಲ್ಲೊಂದು ಕಾಕತಾಳೀಯ ಇದೆ. ಸತ್ಯಾಗ್ರಹ ಶುರುವಾಗುವುದಕ್ಕೆ ನಾಲ್ಕೇ ದಿನ ಮುಂಚೆ, ಏಪ್ರಿಲ್ 14ರಂದು, ಮೈಸೂರು ಸಂಸ್ಥಾನದ ರೈಲ್ವೆಯು ಮದರಾಸಿನ ಎರಡು ರೈಲ್ವೆಗಳ ಜೊತೆ ಸೇರಿ ದಕ್ಷಿಣ ರೈಲ್ವೆಯಾಗಿತ್ತು. ಅರಸರ ನಿಲ್ದಾಣ ಗಣರಾಜ್ಯದ ನಿಲ್ದಾಣವಾದ ವಾರದಲ್ಲೇ, ಅದರ ಸಮೀಪದ ಹಳ್ಳಿಯೊಂದರಲ್ಲಿ ಅರಸೊತ್ತಿಗೆಯ ಕಾಲದ ಕೊಳಗವನ್ನು ಪ್ರಶ್ನಿಸಲಾಯಿತು.

ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಿಂದ ದೇಶಕ್ಕೆಲ್ಲ ಪರಿಚಿತರಾಗಿದ್ದ ನಾಯಕ ಮಲೆನಾಡಿನ ಒಂದು ಹಳ್ಳಿಯ ಗೇಣಿದಾರರಿಗಾಗಿ ಇಷ್ಟು ದೂರ ಬಂದದ್ದೇ ದೊಡ್ಡ ಸುದ್ದಿ. ಪೊಲೀಸರು ಅವರನ್ನು ಬಂಧಿಸಿದ್ದು ಸಾಗರದ ಈ ರೈಲು ನಿಲ್ದಾಣದಲ್ಲಿ. ಅಲ್ಲಿಯವರೆಗೆ ತಾಲ್ಲೂಕಿನ ಒಳಗಿನ ತಗಾದೆಯಾಗಿದ್ದ ಕಾಗೋಡು ಮರುದಿನದಿಂದ ರಾಷ್ಟ್ರೀಯ ಪ್ರಶ್ನೆಯಾಯಿತು. ಸತ್ಯಾಗ್ರಹದಿಂದ ಗೇಣಿದಾರರಿಗೆ ಕೂಡಲೇ ಭೂಮಿ ಸಿಗಲಿಲ್ಲ. ಆದರೆ ಮರುವರ್ಷ, 1952ರ ಮೊದಲ ಮಹಾಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಗೋಪಾಲಗೌಡರನ್ನು ಈ ಭಾಗದ ಮತದಾರರು ಆರಿಸಿ ವಿಧಾನಸಭೆಗೆ ಕಳಿಸಿದರು. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಬಂದದ್ದು ದೇವರಾಜ ಅರಸರ ಆಡಳಿತದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯಿಂದ. ಕಾಗೋಡಿನಿಂದ ಅಲ್ಲಿಗೆ 23 ವರ್ಷ. ನಿಲ್ದಾಣಕ್ಕೆ ಲೋಹಿಯಾ ಹೆಸರಿಡಬೇಕೆಂಬ ಬೇಡಿಕೆ ಸಾಗರದಲ್ಲಿ ಹಲವು ಸಲ ಕೇಳಿಬಂದಿದೆ. ಫಲಕದ ಮೇಲೆ ಜಂಬಗಾರು ಇನ್ನೂ ಇದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿತು. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿ, ಗದ್ದೆ, ತೋಟಗಳು ನೀರಿನಡಿ ಸೇರಿದವು. ಜೋಗದ ಮೊದಲ ಯೋಜನೆಗೆಂದು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ಹೊಸ ಜಲಾಶಯದಲ್ಲಿ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಯಲ್ಲಿ ಮಾತ್ರ ಅದು ಮೇಲೆದ್ದು ಕಾಣುತ್ತದೆ. ಗಂಟುಮೂಟೆ, ದನಕರುಗಳ ಸಮೇತ ಲಾರಿ ಹತ್ತಿದ ಕುಟುಂಬಗಳನ್ನು ಶಿವಮೊಗ್ಗ ಸುತ್ತಲಿನ ಕಾಡುಗಳಲ್ಲಿ ಇಳಿಸಲಾಯಿತು. ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳು ಲಾಂಚಿಗಾಗಿ ಕಾಯುತ್ತ ಕುಳಿತ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು. ರೈಲಿನ ಮಟ್ಟಿಗೆ ಹೇಳುವುದಾದರೆ, ಮುಳುಗಡೆಯ ನಂತರ ಪಶ್ಚಿಮದ ಹಳೆಯ ಹಾದಿಗಳು ಇನ್ನಷ್ಟು ಕಡಿದುಹೋಗಿ, ಊರಿನ ನೋಟವೆಲ್ಲ ಶಿವಮೊಗ್ಗದ ಕಡೆಗೇ ಉಳಿಯಿತು.

ಬಸ್ಸು, ಲಾರಿ ಹೆಚ್ಚಿದಂತೆ ರೈಲಿನ ಗತ್ತು ಕಡಿಮೆಯಾಯಿತು. ಲಾರಿ ಅಡಿಕೆಯನ್ನು ತೋಟದ ಬಾಗಿಲಿನಿಂದಲೇ ಒಯ್ಯುತ್ತಿತ್ತು. ಮೀಟರ್ ಗೇಜಿನ ಈ ಸಾವಧಾನದ ನಡಿಗೆಯನ್ನು ಚೆನ್ನಾಗಿ ಬಳಸಿಕೊಂಡವರು ಶಂಕರ್‌ನಾಗ್. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಹೆಚ್ಚಿನ ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಆಗುಂಬೆಗೆ ರೈಲಿಲ್ಲವಲ್ಲ! ರೈಲಿನ ದೃಶ್ಯಗಳಿಗೆ ಆರಿಸಿದ್ದು ಇದೇ ಮಾರ್ಗದ ಅರಸಾಳು ನಿಲ್ದಾಣವನ್ನು. ಆ ಹಳೆಯ ಕಟ್ಟಡವನ್ನು ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಿಜವಾದ ನಿಲ್ದಾಣಗಳ ಚರಿತ್ರೆಗಿಂತ ಕಲ್ಪನೆಯ ನಿಲ್ದಾಣಕ್ಕೆ ಮೊದಲು ಸ್ಮಾರಕ ದೊರೆತದ್ದು ಈ ಮಾರ್ಗದ ವಿಶೇಷವೆನ್ನಬೇಕು.

ಮಾರ್ಗದ ಜೀವಕ್ಕೇ ಸಂಚಕಾರ ಬಂದದ್ದು 1990ರ ದಶಕದಲ್ಲಿ. ದೇಶದ ಎಲ್ಲ ಮುಖ್ಯ ಮಾರ್ಗಗಳನ್ನು ಒಂದೇ ಗೇಜಿಗೆ ತರುವ ಏಕರೂಪ ಗೇಜ್ ಯೋಜನೆಯನ್ನು ರೈಲ್ವೆ 1992ರಲ್ಲಿ ಕೈಗೆತ್ತಿಕೊಂಡಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ಕರ್ನಾಟಕದವರೇ ಆದ ಸಿ.ಕೆ. ಜಾಫರ್ ಷರೀಫ್. ರಾಜ್ಯಕ್ಕೆ ಅದರಿಂದ ದೊಡ್ಡ ಲಾಭವಾಯಿತು. ಬೆಂಗಳೂರು–ಹುಬ್ಬಳ್ಳಿ ಬ್ರಾಡ್ ಗೇಜ್ ಆಯಿತು, ಬೀರೂರು–ಶಿವಮೊಗ್ಗವೂ ಆಯಿತು. ಪರಿವರ್ತನೆ ಶಿವಮೊಗ್ಗಕ್ಕೆ ಬಂದು ನಿಂತಿತು. ಅಲ್ಲಿಂದಾಚೆಗಿನ 97 ಕಿಲೋಮೀಟರ್ ಮೀಟರ್ ಗೇಜ್ ಒಂಟಿಯಾಗಿ ಉಳಿಯಿತು.

ಒಂಟಿ ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಸುತ್ತಲೂ ಮೀಟರ್ ಗೇಜ್ ಇದ್ದಾಗ ಒಂದು ಎಂಜಿನ್ ಕೆಟ್ಟರೆ ಇನ್ನೊಂದು ಕಡೆಯಿಂದ ತರಿಸಬಹುದಿತ್ತು. ಡಬ್ಬಿಗಳನ್ನು ದೊಡ್ಡ ಕಾರ್ಯಾಗಾರಕ್ಕೆ ಕಳಿಸಬಹುದಿತ್ತು. ಈಗ ಶಿವಮೊಗ್ಗದ ಆಚೆಗೆ ಆ ಚಕ್ರಗಳು ಉರುಳುವಂತೆಯೇ ಇಲ್ಲ. ಸಾಗರದಲ್ಲಿ ಹೇರಿದ ಸರಕನ್ನು ಶಿವಮೊಗ್ಗದಲ್ಲಿ ಇಳಿಸಿ ಮತ್ತೆ ಹೇರಬೇಕು. ಅದರ ಬದಲು ಲಾರಿಯೇ ವಾಸಿ. ಸರಕು ಹೋದ ಮೇಲೆ ಆದಾಯವಿಲ್ಲ, ಆದಾಯವಿಲ್ಲವೆಂದು ರೈಲು ಕಡಿಮೆ, ರೈಲು ಕಡಿಮೆಯಾಯಿತೆಂದು ಜನ ಬಸ್ಸಿಗೆ. ಕವಲು ಮಾರ್ಗಗಳು ಬಹುಪಾಲು ಸಾಯುವುದು ಹೀಗೆಯೇ, ಯಾರೂ ಕೊಲ್ಲದೆ.

ಕೊನೆಗೆ ಇಲ್ಲಿ ಉಳಿದದ್ದು ರೈಲು ಬಸ್. ಹೆಸರೇ ಹೇಳುವಂತೆ ಅದು ಅರ್ಧ ರೈಲು, ಅರ್ಧ ಬಸ್ಸು: ಬಸ್ಸಿನಂತೆ ತನ್ನೊಳಗೇ ಡೀಸೆಲ್ ಎಂಜಿನ್ ಇಟ್ಟುಕೊಂಡ ಒಂದೇ ಡಬ್ಬಿಯ ಗಾಡಿ. ಇಡೀ ರೈಲನ್ನು ಎಳೆಸುವ ಖರ್ಚಿಲ್ಲದೆ ಮಾರ್ಗವನ್ನು ಜೀವಂತವಾಗಿಡಲು ರೈಲ್ವೆ ಕಂಡುಕೊಂಡ ಉಪಾಯ. ಎಂಜಿನ್ನಿನ ಹಿಂದೆ ಡಬ್ಬಿಗಳ ಸಾಲು ನೋಡಿದ್ದ ಊರಿಗೆ ಈ ಒಂಟಿ ಡಬ್ಬಿ ತಮಾಷೆಯಾಗಿಯೂ ಕಂಡಿತು, ಅವಮಾನವಾಗಿಯೂ ಕಂಡಿತು. ಆದರೂ ಅದನ್ನು ಹಗುರವಾಗಿ ಕಾಣುವಂತಿಲ್ಲ. ಗಾಡಿ ಓಡುತ್ತಿದ್ದುದರಿಂದ ಹಳಿ ಮುಚ್ಚಿದ ಹಳಿಯಾಗಲಿಲ್ಲ. ಮುಚ್ಚಿದ ಮೇಲೆ ಹಳಿ ಕೀಳುವುದು, ಹಳಿ ಕಿತ್ತ ಮೇಲೆ ಭೂಮಿ ಒತ್ತುವರಿಯಾಗುವುದು ಎಷ್ಟು ಸಲೀಸೆಂಬುದಕ್ಕೆ ತರೀಕೆರೆ–ನರಸಿಂಹರಾಜಪುರದ ಪುಟ್ಟ ರೈಲು ಮಾರ್ಗವೇ ನೆರೆಯ ಉದಾಹರಣೆ. ಆ ಮಾರ್ಗ ಇಂದು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ.

ಸಾಗರ, ತಾಳಗುಪ್ಪದ ಜನ ಸುಮ್ಮನೆ ಕೂರಲಿಲ್ಲ. ಬ್ರಾಡ್ ಗೇಜಿಗಾಗಿ ಮನವಿ, ಧರಣಿ, ನಿಯೋಗ ಎಲ್ಲವೂ ನಡೆದವು. ಅಂತೂ ಕೆಲಸ ಮಂಜೂರಾಗಿ, 2000ರ ದಶಕದ ಉತ್ತರಾರ್ಧದಲ್ಲಿ ರೈಲು ಬಸ್ಸೂ ನಿಂತು, ಕೆಲವು ವರ್ಷ ಈ ನಿಲ್ದಾಣಕ್ಕೆ ಯಾವ ರೈಲೂ ಇರಲಿಲ್ಲ. ಹಳೆಯ ಹಳಿ ತೆಗೆದು, ದಿಬ್ಬ ಅಗಲಿಸಿ, ಸೇತುವೆ ಬಲಪಡಿಸಿ, 2011ರ ಹೊತ್ತಿಗೆ ಬ್ರಾಡ್ ಗೇಜ್ ತಾಳಗುಪ್ಪದವರೆಗೆ ಮುಟ್ಟಿತು. ಒಂಟಿ ಡಬ್ಬಿ ಓಡುತ್ತಿದ್ದ ಜಾಗದಲ್ಲಿ ಈಗ ಬೆಂಗಳೂರು, ಮೈಸೂರಿನ ಎಕ್ಸ್‌ಪ್ರೆಸ್ ರೈಲುಗಳು. ರಾತ್ರಿ ಬೆಂಗಳೂರಿನಲ್ಲಿ ಮಲಗಿದವರು ಬೆಳಿಗ್ಗೆ ಸಾಗರದಲ್ಲಿ ಏಳುತ್ತಾರೆ. ಹೆಗ್ಗೋಡಿನ ನೀನಾಸಂ ನಾಟಕಕ್ಕೆ ಬರುವವರು, ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಬರುವ ನೆಂಟರು, ಮಳೆಗಾಲದ ಜೋಗ ನೋಡಬಯಸುವ ಯುವಕರು, ಎಲ್ಲಕ್ಕಿಂತ ಹೆಚ್ಚಾಗಿ ಬೆಂಗಳೂರಿನಲ್ಲಿ ನೌಕರಿ ಹಿಡಿದು ಹಬ್ಬಕ್ಕೆ ಊರಿಗೆ ಬರುವ ಮಕ್ಕಳು. ಕಾಡಿನ ಸೌದೆ ಹೊರಗೆ ಸಾಗಿಸಲು ಹಾಕಿದ ಹಳಿಯ ಮೇಲೆ ಈಗ ಮಲೆನಾಡು ತನ್ನ ಮಕ್ಕಳನ್ನೇ ಸಾಗಿಸುತ್ತಿದೆ. ರೈಲ್ವೆಯು 2023ರಲ್ಲಿ ಪ್ರಕಟಿಸಿದ ಅಮೃತ್ ಭಾರತ್ ನಿಲ್ದಾಣಗಳ ಪಟ್ಟಿಯಲ್ಲಿ ಸಾಗರ ಜಂಬಗಾರು ಹೆಸರೂ ಸೇರಿದೆ.

ಹಾಗಾದರೆ ಪಶ್ಚಿಮದ ದಾರಿ? ಗಡಿ ಎಂಬ ಕಾರಣ 1956ರಲ್ಲೇ ಹೋಯಿತು. ಏಕೀಕರಣದಿಂದ ಸಿದ್ದಾಪುರವೂ ಹೊನ್ನಾವರವೂ ಒಂದೇ ರಾಜ್ಯದ ಊರುಗಳಾದವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಹೊನ್ನಾವರಕ್ಕೂ ರೈಲು ಬಂತು. ತಾಳಗುಪ್ಪಕ್ಕೂ ಹೊನ್ನಾವರಕ್ಕೂ ನಡುವೆ ಈಗ ಹಳಿಯಿಲ್ಲದ ಅಂತರ ಸುಮಾರು 80 ಕಿಲೋಮೀಟರು. ಇದನ್ನು ಜೋಡಿಸಬೇಕೆಂಬ ಬೇಡಿಕೆ, ಸಮೀಕ್ಷೆಯ ಮಾತು ಮತ್ತೆ ಮತ್ತೆ ಏಳುತ್ತವೆ. ಜೋಡಿಸಿದರೆ ಮಧ್ಯ ಕರ್ನಾಟಕಕ್ಕೆ ಕರಾವಳಿ ಹತ್ತಿರವಾಗುತ್ತದೆ ಎಂಬುದು ನಿಜ. ಆದರೆ ಅಡ್ಡ ನಿಂತಿರುವುದು ಈಗ ಪರರಾಜ್ಯವಲ್ಲ, ಕಾಡು. ಶರಾವತಿ ಕಣಿವೆ ಸಿಂಗಳೀಕಗಳ ನೆಲೆ. ಅವುಗಳ ಹೆಸರಿನಲ್ಲೇ 2019ರಲ್ಲಿ ಅಭಯಾರಣ್ಯ ಘೋಷಣೆಯಾಗಿದೆ. ಮರದಿಂದ ಮರಕ್ಕೆ ಜಿಗಿದು ಬದುಕುವ, ನೆಲಕ್ಕೆ ಇಳಿಯುವುದೇ ಅಪರೂಪವಾದ ಈ ಪ್ರಾಣಿಗೆ ಕಾಡಿನ ನೆತ್ತಿ ಒಂದೇ ಕಡೆ ಸೀಳಿದರೂ ಊರೇ ಎರಡಾದಂತೆ. ಮುಳುಗಡೆಯಲ್ಲಿ ಒಂದು ಸಲ ಕಾಡು, ಊರು ಎರಡನ್ನೂ ಕೊಟ್ಟ ಕಣಿವೆಯಿಂದ ಮತ್ತೆ ಕೇಳುವ ಮುನ್ನ ಲೆಕ್ಕ ಸರಿಯಾದ ಕೊಳಗದಲ್ಲಿ ಅಳೆಯಬೇಕಾಗುತ್ತದೆ.

ಸದ್ಯಕ್ಕೆ ತಾಳಗುಪ್ಪವೇ ಕೊನೆ. ಬಂದ ರೈಲಿನ ಎಂಜಿನ್ನನ್ನು ಅಲ್ಲಿ ಬಿಚ್ಚಿ, ಪಕ್ಕದ ಹಳಿಯಲ್ಲಿ ತಂದು ಇನ್ನೊಂದು ತುದಿಗೆ ಜೋಡಿಸುತ್ತಾರೆ. ರೈಲು ಮತ್ತೆ ಪೂರ್ವಕ್ಕೆ, ಸಾಗರದ ಕಡೆಗೆ ಹೊರಡುತ್ತದೆ.